ಬಾಯಿ ತಗೀರಿ, ಬೀಗರ

ಸಂಜೆ ಕಾಲೇಜಿನಲ್ಲಿ ಪಾಠ ಮುಗಿಸಿ ನಾಲತವಾಡದ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಇಂಡಿಯಿಂದ ಅಪ್ಪನ ಫೋನು. "ಸವಾಲ ಕಾಕಾ ಹೋದ್ರವಾ. ಮುಂಜಾನಿ ಮಾರ್ಕೆಟ್ಟಿಗೆ ಹೋಗಿ ಎಲ್ಲಾರ್ನೂ ಬೈದು ಬಂದಾರ. ಮಧ್ಯಾನ ಉಂಡು ಅಡ್ಡಾದವ್ರು ಏಳಲೇ ಇಲ್ಲ."

ನಾನು ಫೋನು ಇಟ್ಟು ಕನ್ನಡಿಯ ಮುಂದೆ ಹೋಗಿ ನಿಂತೆ. ಬಾಯನ್ನು ಆದಷ್ಟು ಅಗಲ ತೆರೆದೆ. ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ, ಹಲ್ಲುಗಳ ನಡುವೆ ಇಳಿಸಿದೆ. ಸಲೀಸಾಗಿ ಹೋದವು. ಬೆರಳು ಬಾಯಲ್ಲಿರುವಾಗಲೇ ಅಳು ಒತ್ತರಿಸಿಕೊಂಡು ಬಂತು. ಹಾಗೆ ಅತ್ತವಳು ಮುದ್ದೇಬಿಹಾಳ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಕಾಕಾ ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೊರಗೆ ಕಟ್ಟೆಯ ಮೇಲೆ ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ, ಕುಳಿತಿದ್ದರು. ಹೋಗಿ ಸುದ್ದಿ ಹೇಳಿದೆ. ಅವರು ಹೆಗಲ ಮೇಲಿನ ಟವೆಲಿನ ಚುಂಗನ್ನು ಎಡಗಲ್ಲದ ಮೇಲೆ ಎಳೆದುಕೊಂಡು, "ಗಾಡಿ ತಗ್ಯಾಕ ಹೇಳು" ಎಂದಷ್ಟೇ ಅಂದು ಎದ್ದರು. ಆ ಗಲ್ಲವನ್ನು ಮನೆಯ ಹೊರಗಿನವರಿಗೆ ಅವರು ತೋರಿಸಿದ್ದಿಲ್ಲ.

ಕಾಕಾ ನಮಗೆ ರಕ್ತಸಂಬಂಧವಲ್ಲ. ಇಂಡಿಯಲ್ಲಿ ನಮ್ಮ ಮನೆಯ ಎದುರು ಸಾಲಿನವರು. ಲಿಂಬೆ ಮಾರ್ಕೆಟ್ಟಿನಲ್ಲಿ ಸವಾಲು, ಅಂದರೆ ಹರಾಜು, ಕೂಗುವುದು ಅವರ ಕೆಲಸ. ಅದಕ್ಕೇ ಊರಿಗೆಲ್ಲ ಸವಾಲ ಕಾಕಾ. ಮನೆಯಲ್ಲಿ ಇಟ್ಟ ಹೆಸರು ಇತ್ತು, ಆದರೆ ಅದನ್ನು ಕರೆದರೆ ಅವರೇ ಹಿಂದೆ ತಿರುಗಿ ಯಾರನ್ನು ಕರೆದರು ಎಂದು ನೋಡುತ್ತಿದ್ದರು. ಖಾಲಿ ಕ್ರೇಟಿನ ಮೇಲೆ ಹತ್ತಿ ನಿಂತು, ಎದುರಿಗೆ ಹಳದಿ ರಾಶಿ ಸುರಿಸಿಕೊಂಡು, "ಬರ್ರಿ ಬರ್ರಿ! ಇಂಡಿ ಲಿಂಬಿ! ಇಲ್ಲಿ ಹಿಂಡಿದ್ರ ಅಲ್ಲಿ ನಿಂತವನ ಕಣ್ಣ ಉರೀಬೇಕು!" ಎಂದು ಕೂಗಿದರೆ ಬಸ್‌ಸ್ಟ್ಯಾಂಡಿನ ಟೆಂಪೋದವರು ಹಾರ್ನು ನಿಲ್ಲಿಸಿ ಕೇಳುತ್ತಿದ್ದರು. ಆ ದನಿಗೆ ಮೈಕು ಅವಮಾನ.

ಎರಡನೆಯ ಕೆಲಸ ಸಂಬಂಧ ಕೂಡಿಸುವುದು. ಅದಕ್ಕೆ ಯಾರೂ ಅವರನ್ನು ನೇಮಿಸಿರಲಿಲ್ಲ. ಬಾಯಿ ಸುಮ್ಮನಿರಲಾರದ್ದಕ್ಕೆ ತಾವೇ ಹಚ್ಚಿಕೊಂಡದ್ದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನಲ್ಲಿ ಯಾವ ಮನೆಯಲ್ಲಿ ಹುಡುಗಿ ದೊಡ್ಡವಳಾದಳು, ಯಾವ ಮನೆಯ ಹುಡುಗ ಮೀಸೆ ತಿದ್ದುತ್ತಿದ್ದಾನೆ ಎಲ್ಲವೂ ಗೊತ್ತು. "ಸಿಂದಗಿಯವ್ರು ಜಗಳಕ್ಕ ಮುಂದ, ಜಗಳ ಮುಗದ ಮ್ಯಾಲ ಊಟಕ್ಕ ಅದಕ್ಕಿಂತಾ ಮುಂದ. ಬಾಗೇವಾಡಿಯವ್ರು ಉಣ್ಣಾಕ ಕೂಡ್ಸಿದ್ರ ಎಬ್ಬಸೂದಿಲ್ಲ. ಮುದ್ದೇಬಿಹಾಳದವ್ರು ಹೂಂ ಅನ್ನಾಕ ಭಾಳ ತಡಾ, ಒಮ್ಮಿ ಅಂದ್ರಂದ್ರ ಬಿಡಾಂಗಿಲ್ಲ!" ಎಂದು ಎಲ್ಲರನ್ನೂ ಎಲ್ಲರ ಎದುರಿಗೇ ಚುಡಾಯಿಸುತ್ತಿದ್ದರು. ಇಂಡಿಯವರ ಬಗ್ಗೆ ಕೇಳಿದರೆ, "ನಮ್ಮ ಬಗ್ಗೆ ನಾವು ಹೇಳಬಾರ್ದು, ಲಿಂಬಿ ಹೇಳತೈತಿ" ಅನ್ನುವರು. ಮೊಸರಿಗೆ ಹೆಸರಾದ ಕೊಲ್ಹಾರದ ಕಡೆ ಸಂಬಂಧ ನೋಡಲು ಹೋದರೆ ಕಾಕಾ ಮಡಕೆ ಮೊಸರು ಹಿಡಿದುಕೊಂಡೇ ಬರಬೇಕು, ಬಂದವರು ಮೊದಲು ನಮ್ಮ ಅಡುಗೆಮನೆಗೇ ನುಗ್ಗಬೇಕು.

ಈ ಎರಡೂ ಕೆಲಸಕ್ಕೆ ಬಂಡವಾಳ ಬಾಯಿ. ಆ ಬಾಯಿಯೊಳಗೆ ಹಗಲೆಲ್ಲ ತಂಬಾಕು.

ಅವರು ತಂಬಾಕು ತಿಕ್ಕುವುದನ್ನು ನೋಡಲು ಚಿಕ್ಕವಳಿದ್ದಾಗ ನಾನು ಎದುರಿಗೆ ಕೂರುತ್ತಿದ್ದೆ. ಸೊಂಟದಿಂದ ಬಟ್ಟೆಯ ಚಂಚಿ ಹೊರಗೆ ಬರುವುದು. ಅದರಲ್ಲಿ ಒಂದೊಂದು ಕಿಸೆಯಲ್ಲಿ ಒಂದೊಂದು: ಎಲೆ, ಅಡಿಕೆ, ತಂಬಾಕು, ಸುಣ್ಣದ ಡಬ್ಬಿ. ಎಡ ಅಂಗೈಯಲ್ಲಿ ತಂಬಾಕು ಹಾಕಿ, ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ, ಪಟಪಟ ತಟ್ಟಿ ಧೂಳು ಹಾರಿಸಿ, ಎಡದವಡೆಗೆ ಒತ್ತಿದರೆಂದರೆ ಅರ್ಧ ಗಂಟೆ ಪರಮಸುಖ. ನಮ್ಮ ಕಡೆ ಅದು ಬರೀ ಚಟವೂ ಅಲ್ಲ ನೋಡಿ. ಬಸ್ಸಿನಲ್ಲಿ ಗುರುತಿಲ್ಲದವನು "ಸುಣ್ಣ ಐತೇನ್ರಿ?" ಎಂದು ಕೈ ಚಾಚಿದರೆ ಇಲ್ಲವೆನ್ನುವಂತಿಲ್ಲ. ಸುಣ್ಣ ಕೊಟ್ಟರೆ ಅವನು ತಂಬಾಕು ಕೊಡುತ್ತಾನೆ, ಇಳಿಯುವ ಹೊತ್ತಿಗೆ ಇಬ್ಬರೂ ಅಣ್ಣತಮ್ಮ. ಸಂಬಂಧದ ಮಾತಿಗೆ ಕೂತಾಗಲಂತೂ ಎಲೆ-ಅಡಿಕೆಯ ತಟ್ಟೆ ಎಲ್ಲರ ಎದುರಿಗೆ ತಿರುಗಬೇಕು. ಬೀಗರಾಗುವ ಹಿರಿಯ ತನ್ನ ಕೈಯಿಂದ ಮಡಚಿ ಕೊಟ್ಟ ಎಲೆಯನ್ನು ಬೇಡವೆಂದರೆ ಸಂಬಂಧವನ್ನೇ ಬೇಡವೆಂದ ಲೆಕ್ಕ. ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ, ಎದ್ದು ಹೋಗಬಹುದು.

ಅಂಥವರ ಬಾಯಿ ಒಂದು ಬೇಸಿಗೆಯಲ್ಲಿ ಮುಚ್ಚತೊಡಗಿತು. ಮೊದಲು ಪತ್ತೆ ಹಚ್ಚಿದವರು ಅವರ ಹೆಂಡತಿ, ನಮ್ಮ ಕಾಕು. ಮಿರ್ಚಿ ಭಜಿಯನ್ನು ಇಡಿಯಾಗಿ ಬಾಯಿಗೆ ಒಗೆದುಕೊಳ್ಳುತ್ತಿದ್ದ ಮನುಷ್ಯ ಮುರಿದು ಮುರಿದು ತಿನ್ನುತ್ತಿದ್ದಾರೆ! ಖಾರ ತಾಕಿದರೆ ಕಣ್ಣಲ್ಲಿ ನೀರು! ಕೂಗುವಾಗ ದನಿ ಇದೆ, ಬಾಯಿ ಅಗಲವಾಗುತ್ತಿಲ್ಲ. ಕಾಕು ಬಿಡಲಿಲ್ಲ. ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಕೂರಿಸಿಯೇ ಬಿಟ್ಟರು.

ಡಾಕ್ಟರು ಮೂರು ಬೆರಳು ಜೋಡಿಸಿ ಬಾಯಿಗೆ ಇಡಲು ಹೇಳಿದರಂತೆ. ಕಾಕಾಗೆ ಎರಡೇ ಹೋದವು. ಅಡಿಕೆ ಜಗಿದು ಜಗಿದು ಒಳಗಿನ ಚರ್ಮ ಬಿಗಿದುಕೊಂಡಿದೆ, ಎಡಗಡೆ ತಂಬಾಕು ಇಡುವ ಜಾಗದಲ್ಲಿ ಬಿಳಿಯ ಮಚ್ಚೆ ಎದ್ದಿದೆ, ಒಂದು ಚೂರು ತೆಗೆದು ತಪಾಸಣೆಗೆ ಕಳಿಸಬೇಕು ಎಂದರು. ಅದರ ಉತ್ತರ ಬರುವವರೆಗೆ ಆ ಮನೆಯಿಂದ ದನಿಯೇ ಬರಲಿಲ್ಲ. ನಮ್ಮ ಓಣಿಗೆ ಓಣಿಯೇ ಮೆಲ್ಲಗೆ ಮಾತಾಡಿತು. ರೋಗದ ಹೆಸರನ್ನಂತೂ ಯಾರೂ ತೆಗೆಯಲಿಲ್ಲ. ನಮ್ಮಲ್ಲಿ ಅದಕ್ಕೆ "ಆ ಬ್ಯಾನಿ" ಅಂತಲೇ ಹೆಸರು. ಪೂರ್ತಿ ಹೆಸರು ಅಂದರೆ ಅಂದವರ ಮನೆಗೇ ಬಂದೀತು ಎಂಬ ಭಯ.

ಉತ್ತರ ಬಂದ ದಿನ ನಾನು ಮಾರ್ಕೆಟ್ಟಿನಲ್ಲೇ ಇದ್ದೆ, ಅಪ್ಪನ ಬುತ್ತಿ ಕೊಡಲು ಹೋಗಿದ್ದೆ. ಕಾಕಾ ಆಟೋದಿಂದ ಹಾರಿ ಇಳಿದರು. ಕ್ರೇಟಿನ ಮೇಲೆ ಹತ್ತಿದರು. ಯಾರದೋ ರಾಶಿಯ ಸವಾಲು ನಡೆದಿತ್ತು, ಅದನ್ನು ಅರ್ಧಕ್ಕೇ ನಿಲ್ಲಿಸಿ, "ಕೇಳ್ರಿ ಎಲ್ಲಾರೂ! ನನಗ ಕ್ಯಾನ್ಸರ್ ಆಗಿಲ್ಲಾ!" ಎಂದು ಕೂಗಿದರು. ಜನ ಗಾಬರಿಯಾಗಿ ಹಿಂದೆ ಸರಿದರು. "ಆಗಿಲ್ಲ! ಆದ್ರ ಬಾಗಲಕ್ಕ ಬಂದು ನಿಂತಿತ್ತು! ಯಾರ ಕರದಿದ್ರು? ನಾನ ಕರದಿದ್ದೆ! ದಿನಾ ಚಂಚಿ ತಗದು ಬಾರಪಾ ಬಾ ಅಂತ ಕರದೇನಿ!" ಎಂದು ಎದೆ ಬಡಿದುಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಚಂಚಿ ಬಿಚ್ಚಿ ತಂಬಾಕನ್ನೆಲ್ಲ ಗಟಾರಕ್ಕೆ ಸುರಿದರು. ಒಬ್ಬ ಅಜ್ಜ ಮಾತ್ರ, "ಚೆಲ್ಲೂದಿದ್ರ ನನಗರೆ ಕೊಡಬಾರ್ದೇನೋ" ಎಂದು ಗೊಣಗಿದ.

ಬಿಡುವುದು ಅಷ್ಟು ಸುಲಭವಾಗಿತ್ತು ಎಂದು ಬರೆದರೆ ಕಾಕು ನನ್ನನ್ನು ಬಯ್ಯುತ್ತಾರೆ. ಆ ತಿಂಗಳುಗಳಲ್ಲಿ ಕಾಕಾ ಕೈಗೆ ಸಿಕ್ಕವರನ್ನೆಲ್ಲ ಕಚ್ಚಿದರು. ಚಟ್ನಿಗೆ ಉಪ್ಪು ಹೆಚ್ಚಾದರೆ ತಾಟು ಹಾರುತ್ತಿತ್ತು. ಒಮ್ಮೆ ಮಾಳಿಗೆಯ ಮೇಲೆ ಹೋಗಿ, ಸೇಂಗಾ ಚೀಲದ ಹಿಂದೆ ಬಚ್ಚಿಟ್ಟುಕೊಂಡಿದ್ದ ತಂಬಾಕು ತಿಕ್ಕುತ್ತಿದ್ದಾಗ ಕಾಕು ಏಣಿಯನ್ನೇ ತೆಗೆದುಬಿಟ್ಟರು. "ಅಲ್ಲೇ ಇರ್ರಿ. ಸಾಯೂದಿದ್ರ ಮ್ಯಾಲ ಸಾಯ್ರಿ, ಸ್ವರ್ಗ ಸನೀಪ ಆಗತೈತಿ!" ಎಂದು ಒಳಗೆ ಹೋಗಿ ರೊಟ್ಟಿ ಬಡಿಯುತ್ತ ಕೂತರು. ಕಾಕಾ ಮೇಲಿನಿಂದ ಓಣಿಗೆಲ್ಲ ಕೇಳುವಂತೆ ಕ್ಷಮೆ ಕೇಳಿದರು. ಆಮೇಲೆ ಚಂಚಿಯನ್ನು ಮಾತ್ರ ಇಟ್ಟುಕೊಂಡರು. "ಬಾಯಿಗೆ ಬುದ್ಧಿ ಹೇಳೇನಿ, ಕೈಗೆ ಏನ ಹೇಳ್ಲಿ? ಅದು ಸೊಂಟಕ್ಕ ಹೋಗೇ ಹೋಗತೈತಿ" ಎಂದು ಅದರ ಕಿಸೆಗಳಲ್ಲಿ ಬಡೇಸೋಪು, ಹುರಿದ ಅಗಸೆಬೀಜ, ಕಲ್ಲುಸಕ್ಕರೆ ತುಂಬಿಸಿಕೊಂಡರು. ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಬ್ಯಾಟರಿ ದೀಪ. ಮುಂಜಾನೆ ಎದ್ದು ಕನ್ನಡಿಯ ಮುಂದೆ ತಮ್ಮ ಬಾಯಿಗೆ ತಾವೇ ಬೆಳಕು ಬಿಟ್ಟು ನೋಡಿಕೊಳ್ಳುವುದು ಅವರ ದೇವರಪೂಜೆಯಾಯಿತು.

ನನ್ನ ಸಂಬಂಧದ ಮಾತು ಬಂದದ್ದು ಅದೇ ಕಾಲದಲ್ಲಿ. ಕೂಡಿಸಿದವರು ಕಾಕಾ ಅವರೇ. ನಾಲತವಾಡದ ಮನೆತನ, ಭೂಮಿಸೀಮೆ ಇದ್ದವರು, ಹುಡುಗ ಕೃಷಿ ಓದಿದವನು. ಹುಡುಗ ನನಗೆ ಹಿಡಿಸಿದ್ದ ಎಂಬುದನ್ನು ಈಗ ಹೇಳಲು ನಾಚಿಕೆಯೇನಿಲ್ಲ, ತುಂಬಾ ಹಿಡಿಸಿದ್ದ! ಹಿರಿಯರು ಕೂಡಿ ಮಾತು ಮುಗಿಸುವ ದಿನ ನಮ್ಮ ಪಡಸಾಲೆ ತುಂಬಿತ್ತು. ಒಂದು ಸಾಲು ಅವರು, ಒಂದು ಸಾಲು ನಾವು, ನಡುವೆ ಜಮಖಾನೆಯ ಮೇಲೆ ಕಾಕಾ. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ.

ಮಾತೆಲ್ಲ ಮುಗಿಯಿತು. ಇನ್ನು ಎಲೆ-ಅಡಿಕೆ, ಆಮೇಲೆ ಸಕ್ಕರೆ ಹಂಚಿದರೆ ಆಯಿತು. ಹುಡುಗನ ಅಪ್ಪ ಬಿಗುಮಾನದ ಮನುಷ್ಯ, ಅವರ ಎಡಗಲ್ಲವೂ ತಂಬಾಕಿನಿಂದ ಉಬ್ಬಿತ್ತು. ಅವರು ತಮ್ಮ ಕೈಯಾರೆ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೊಂದು ಚಿಟಿಕೆ ತಂಬಾಕು ಹಾಕಿ ಮಡಚಿ ಕಾಕಾ ಎದುರಿಗೆ ಹಿಡಿದರು. "ತಗೋರಿ. ನಮ್ಮ ಮಾತ ಪಕ್ಕಾ."

ಕಾಕಾ ಎಲೆಯನ್ನು ನೋಡಿದರು. ಅವರ ಕೈ ಒಮ್ಮೆ ಸೊಂಟದ ಚಂಚಿಗೆ ಹೋಗಿ ಬಂದದ್ದು ನನಗೆ ಸಂದಿಯಿಂದ ಕಾಣಿಸಿತು. ತಿಂದುಬಿಡಿ ಕಾಕಾ, ಇದೊಂದು ಸಲ ತಿಂದುಬಿಡಿ ಎಂದು ನಾನು ಒಳಗೆ ದೇವರನ್ನು ಬೇಡಿದೆ.

"ಎಲಿ ತಲಿ ಮ್ಯಾಲ ಇಟ್ಕೋತೇನ್ರಿ. ಬಾಯಾಗ ಇಡಾಂಗಿಲ್ಲ. ಡಾಕ್ಟರ್ ಬ್ಯಾಡಂದಾರ" ಎಂದರು ಕಾಕಾ. ಅಂದಂತೆ ಎಲೆಯನ್ನು ಹಣೆಗೆ ಒತ್ತಿಕೊಂಡು ಪಕ್ಕಕ್ಕೆ ಇಟ್ಟರು.

ಆ ಸಾಲಿನಲ್ಲಿ ಒಬ್ಬರು ಆಗಲೇ ಟೊಪ್ಪಿಗೆ ಹುಡುಕತೊಡಗಿದರು. "ಅಲ್ರಿ, ಬೀಗರ ಕೈ ಎಲಿ ಒಲ್ಲೆ ಅಂದ್ರ ಏನಂತ ತಿಳ್ಕೋಬೇಕು?" ಎಂದು ಇನ್ನೊಬ್ಬರ ದನಿ ಏರಿತು. ನಮ್ಮ ಅಪ್ಪನ ಮುಖ ಸುಣ್ಣವಾಯಿತು. ಕಾಕಾ ಚಂಗನೆ ಎದ್ದರು. "ಎಲಿ ಯಾಕ ಬೇಕ್ರಿ? ಸಕ್ಕರಿ ಐತಲ್ಲ! ಕಡೀಕ ಆಗೂದು ಮೊದಲ ಆಗ್ಲಿ!" ಎಂದು ಸಕ್ಕರೆಯ ತಟ್ಟೆಯನ್ನೇ ಎತ್ತಿಕೊಂಡು, ಒಂದು ಮುಷ್ಟಿ ತುಂಬಿ, ಹುಡುಗನ ಅಪ್ಪನ ಬಾಯಿಗೆ ಹಿಡಿದರು. ಬೀಗರು ಬೀಗರ ಬಾಯಿಗೆ ಸಕ್ಕರೆ ಹಾಕುವುದು ನಮ್ಮಲ್ಲಿ ಸಂಭ್ರಮ, ಯಾರೂ ಬೇಡವೆನ್ನುವುದಿಲ್ಲ. ಅವರೂ ತಂಬಾಕು ಉಗಿದು ಬಂದು ಬಾಯಿ ತೆರೆದರು. ಪೂರ್ತಿ ತೆರೆಯಲಿಲ್ಲ, ಅರ್ಧ ತೆರೆದರು. ಕಿಟಕಿಯ ಬಿಸಿಲು ನೇರ ಒಳಗೆ ಬಿತ್ತು.

ಕಾಕಾ ಕೈ ಗಾಳಿಯಲ್ಲಿ ಹಾಗೇ ನಿಂತಿತು.

ಆಗ ಅವರು ಸುಮ್ಮನೆ ಸಕ್ಕರೆ ಹಾಕಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಮದುಮಗಳಾಗುತ್ತಿದ್ದೆ, ಅವರ ಹೆಸರು ಉಳಿಯುತ್ತಿತ್ತು, ಹೋಳಿಗೆ ಊಟವಾಗುತ್ತಿತ್ತು. ಅವರು ಜೇಬಿನಿಂದ ಬ್ಯಾಟರಿ ತೆಗೆದರು. "ಇನ್ನೊಮ್ಮಿ ಬಾಯಿ ತಗೀರಿ, ಬೀಗರ."

"ಯಾಕ?"

"ಎಡಗಡೆ ಗಲ್ಲದ ಒಳಗ ಹುಣ್ಣ ಐತ್ರಿ. ದಡಾ ಕಟ್ಟಿಕೊಂಡೈತಿ. ಎಷ್ಟ ದಿನಾ ಆತು?"

ಹುಡುಗನ ಅಪ್ಪ ಬಾಯಿ ಒರೆಸಿಕೊಂಡು ಎದ್ದು ನಿಂತರು. "ಹೆಣ್ಣ ಕೇಳಾಕ ಬಂದೇವಿ. ನನ್ನ ಹಲ್ಲ ನೋಡಾಕ ಇದೇನ ಎತ್ತಿನ ಸಂತಿ ಏನು?" ಎಂದು ಗುಡುಗಿದರು.

"ಎತ್ತಿನ ಬಾಯಿ ನೋಡಿ ತಗೋತೀವ್ರಿ, ಮನಶ್ಯಾನ ಬಾಯಿ ಯಾಕ ನೋಡಬಾರ್ದು? ಎತ್ತಿಗಿಂತಾ ಕಡಿಮೀ ಆದಿವೇನು ನಾವು?" ಕಾಕಾ ದನಿಯೂ ಏರಿತು. "ದವಾಖಾನಿಗೆ ನಡೀರಿ. ತಡಾ ಮಾಡಬ್ಯಾಡ್ರಿ. ಇದು ಕ್ಯಾನ್ಸರ್ ಇದ್ರೂ ಇರಬಹುದು!"

ಆ ಶಬ್ದವನ್ನು, ಶುಭಕಾರ್ಯದಲ್ಲಿ, ಸಕ್ಕರೆ ಕೈಯಲ್ಲಿ ಹಿಡಿದುಕೊಂಡು! ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಅಪ್ಪ ಕಾಕಾ ಮೇಲೆ ಹರಿಹಾಯ್ದರು: "ನಿಮ್ಮ ಬಾಯಿ ವಾಸಿ ಆತು, ನನ್ನ ಮಗಳ ಮದುವಿ ಹಾಳಾತು!" ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕಾಕಾ ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಇನ್ನೂ ಸಕ್ಕರೆ ಇತ್ತು, ಬೆವರಿಗೆ ಅಂಟಿಕೊಂಡಿತ್ತು.

"ಯವ್ವಾ, ನೀ ಹೇಳು. ನಾಳೆ ಅವ್ರ ಬಾಯಾಗಿನ ಹುಣ್ಣ ಅದೇ ಬ್ಯಾನಿ ಅಂತ ಆತು. ಆ ಮನಿಗೆ ಹೋಗ್ತೀಯೇನು?"

ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಆದರೆ ಪ್ರಶ್ನೆ ಎಷ್ಟು ನೇರವಾಗಿತ್ತೆಂದರೆ ಉತ್ತರವೂ ನೇರವಾಗಿಯೇ ಬಂತು. "ಹುಣ್ಣ ಆದದ್ದು ಮಾವಗ. ಅದಕ್ಕ ಮದುವಿ ಯಾಕ ನಿಲ್ಲಬೇಕು? ಅದೇನ ಅಂಟು ಜಡ್ಡೇನು?"

"ಹಾಂ! ಇದು ಮಾತು!" ಎಂದು ಆ ಸಕ್ಕರೆಯನ್ನು ನನ್ನ ಬಾಯಿಗೇ ತುರುಕಿ, ಮರುದಿನ ಮೊದಲ ಬಸ್ಸಿಗೆ ಹೊರಟೇಬಿಟ್ಟರು.

ನಾಲತವಾಡದಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವರು ನಮ್ಮ ಅತ್ತೆ. ಕಾಕಾ ಹೋಗಿ ಕಟ್ಟೆಯ ಮೇಲೆ ಕೂತರಂತೆ. ಮಾವ ಒಳಗಿನಿಂದಲೇ, "ಹೋಗಾಕ ಹೇಳ್ರಿ" ಅಂದರಂತೆ. "ಬೀಗರು ದವಾಖಾನಿಗೆ ಬರೂತನಕಾ ನಾ ಈ ಕಟ್ಟಿ ಮ್ಯಾಲ ಕೂಡ್ತೇನಿ. ನನಗೇನ ಅವಸರಿಲ್ಲ. ಚಂಚಿ ತುಂಬಾ ಬಡೇಸೋಪ ಐತಿ!" ಎಂದು ಮಾರ್ಕೆಟ್ಟಿನ ದನಿಯಲ್ಲಿ ಕೂಗಿದರಂತೆ. ಊರೇ ಕಿವಿ ನಿಮಿರಿಸಿತು. ಬಿಸಿಲು ಏರಿತು. ಅತ್ತೆ ನೀರು ಕೊಡಲು ಹೋದಾಗ ಕಾಕಾ ಮೆಲ್ಲಗೆ ಕೇಳಿದರು: "ತಂಗಿ, ರೊಟ್ಟಿ ಹ್ಯಾಂಗ ಉಣ್ತಾರ ಅವ್ರು?" ಅತ್ತೆ ತಂಬಿಗೆ ಅಲ್ಲೇ ಇಟ್ಟರು. ಮಾವ ಎಷ್ಟೋ ದಿನಗಳಿಂದ ಹಾಲಲ್ಲಿ ನೆನೆಸಿ ಉಣ್ಣುತ್ತಿದ್ದರು. ಹಲ್ಲು ನೋವು ಎಂದು ಹೇಳಿದ್ದರು.

ಅತ್ತೆ ಒಳಗೆ ಹೋಗಿ ಗಂಡನ ಎದುರು ನಿಂತು, ಮದುವೆಯಾದಾಗಿನಿಂದ ಎತ್ತದ ದನಿ ಎತ್ತಿದರಂತೆ. ಆಗ ಹೊರಬಂತು ನಿಜ. ಮಾವನಿಗೆ ಹುಣ್ಣು ಗೊತ್ತಿತ್ತು. ತೋರಿಸಬಾರದು ಎಂದೇ ಇದ್ದರು. ಮಗನ ಲಗ್ನ ಆಗಲಿ, ಮಗಳದೊಂದು ಆಗಲಿ, ಆಮೇಲೆ ನೋಡಿದರಾಯಿತು. ಮನೆತನದಲ್ಲಿ ಆ ಬ್ಯಾನಿ ಇದೆ ಎಂದು ಹೊರಗೆ ಬಿದ್ದರೆ ಹೆಣ್ಣು ಕೊಡುವವರು ಯಾರು, ತರುವವರು ಯಾರು? ಬಾಯಲ್ಲಿ ತಂಬಾಕು ತುಂಬಿಕೊಂಡರೆ ಮಾತು ಕಡಿಮೆ ಆಡಬಹುದು, ಯಾರೂ ಏನೂ ಕೇಳುವುದಿಲ್ಲ. ಮಕ್ಕಳ ಮದುವೆಗಾಗಿ ಹುಣ್ಣು ಬೆಳೆಸಿಕೊಂಡು ಕೂತಿದ್ದರು ಆ ಮನುಷ್ಯ! ಇಂಥ ತಪ್ಪು ನಮ್ಮ ಕಡೆಯವರು ಬಿಟ್ಟು ಯಾರು ಮಾಡುತ್ತಾರೆ?

"ಹೆಣ್ಣ ಕೊಡವ್ರು ಯಾರಂದ್ರಿ?" ಎಂದು ಕಾಕಾ ಕಟ್ಟೆಯಿಂದ ಜಿಗಿದು ನಿಂತರಂತೆ. "ಹುಡುಗಿನ್ನ ಕೇಳೇ ಬಂದೇನಿ. ಬರ್ತಾಳ! ಅಕಿ ಸಕ್ಕರಿ ತಿಂದಾಳ! ಇನ್ನ ನೀವ ಉಳದಿರಿ." ಸಂಜೆಯ ಹೊತ್ತಿಗೆ ಮಾವ ಅಂಗಿ ತೊಟ್ಟುಕೊಂಡು ಹೊರಗೆ ಬಂದರು. ಬಸ್ಸಿನಲ್ಲಿ ಒಬ್ಬ ನೆಂಟ, "ಹಿಂದಿನ ಜನ್ಮದ ಪಾಪಾರಿ, ಏನ ಮಾಡೂದು" ಎಂದು ನಿಟ್ಟುಸಿರು ಬಿಟ್ಟನಂತೆ. ಕಾಕಾ ಅವನನ್ನು ಬಿಡುತ್ತಾರೆಯೇ? "ಹಿಂದಿನ ಜನ್ಮದ್ದು ನನಗ ಗೊತ್ತಿಲ್ಲೋ ತಮ್ಮಾ. ಈ ಜನ್ಮದಾಗ ತಂಬಾಕ ಎಡಗಡೆ ಇಟ್ಟಾರ, ಹುಣ್ಣೂ ಎಡಗಡೇನ ಎದ್ದೈತಿ. ಇಷ್ಟ ತಿಳದ್ರ ಸಾಕು!"

ದೊಡ್ಡ ಆಸ್ಪತ್ರೆಯಲ್ಲಿ ಅದು ಅದೇ ಎಂದಾಯಿತು. ಆದರೆ ಇನ್ನೂ ಹರಡಿರಲಿಲ್ಲ. ಗಲ್ಲದ ಒಳಭಾಗವನ್ನು ಕೊಯ್ದು ತೆಗೆದು ಬೇರೆ ಕಡೆಯ ಚರ್ಮ ಹಾಕಿ ಹೊಲಿದರು. "ಲಗ್ನಾ ಮುಗಿಸಿ ಬಂದಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ" ಎಂದು ಡಾಕ್ಟರು ಹೇಳಿದಾಗ ಅತ್ತೆ ಕಾಕಾ ಕಾಲಿಗೆ ಬೀಳಲು ಹೋದರಂತೆ. ಅವರು ಓಡಿಹೋದರು. ನನ್ನ ಮದುವೆ ಸುಗ್ಗಿಯ ನಂತರಕ್ಕೆ ಹೋಯಿತು, ಅಷ್ಟೇ. ಮದುವೆಯ ಹಂದರದಲ್ಲಿ ಎಲೆ-ಅಡಿಕೆಯ ತಟ್ಟೆಯ ಬದಲು ಬಂದವರ ಕೈಗೆಲ್ಲ ಇಂಡಿಯ ಲಿಂಬೆಹಣ್ಣು. ಕೊಡುತ್ತಿದ್ದವರು ಯಾರೆಂದು ಬೇರೆ ಹೇಳಬೇಕೆ?

ಅಲ್ಲಿಂದ ಮುಂದೆ ಕಾಕಾಗೆ ಹುಚ್ಚೇ ಹಿಡಿಯಿತು. ನಮಸ್ಕಾರ ಎನ್ನುವ ಬದಲು "ಬಾಯಿ ತಗಿ" ಎನ್ನತೊಡಗಿದರು. ಸಿಂದಗಿಯ ಬಸ್ಸಿನಲ್ಲಿ ಯಾರೋ "ಸುಣ್ಣ ಐತೇನ್ರಿ?" ಎಂದು ಕೇಳಿದ್ದೇ ನೆಪವಾಗಿ, ಇಡೀ ಬಸ್ಸಿಗೆ ಮೂರು ಬೆರಳು ಇಡಿಸಿದರು. ಹತ್ತಲು ಬಂದವರು ಬಾಯಿ ತೆರೆದು ಕೂತ ಬಸ್ಸು ನೋಡಿ ಹೆದರಿ ಹಿಂದೆ ಸರಿದರೆಂದು ಕಂಡಕ್ಟರು ಇಂದಿಗೂ ಹೇಳುತ್ತಾನೆ. "ನಮ್ಮಜ್ಜ ಸಾಯೂತನಕಾ ತಂಬಾಕ ತಿಂದಾ, ಏನೂ ಆಗ್ಲಿಲ್ಲ" ಎನ್ನುವವರು ಎಲ್ಲ ಕಡೆ ಇರುತ್ತಾರಲ್ಲ, ಅವರಿಗೆ ಉತ್ತರ ಸಿದ್ಧವಿತ್ತು: "ಕಣ್ಣ ಮುಚ್ಚಿಕೊಂಡು ರಸ್ತಾ ದಾಟಿದವ್ರೆಲ್ಲಾ ಸಾಯೂದಿಲ್ಲ. ಹಂಗಂತ ನಿನ್ನ ಮಗನ್ನ ಕಣ್ಣ ಕಟ್ಟಿ ಬಿಡ್ತೀಯೇನು?" ತಂಬಾಕು, ಬೀಡಿ, ದಾರು ಮೂರನ್ನೂ ಅವರು ಒಂದೇ ತಾಯಿಯ ಮಕ್ಕಳು ಎನ್ನುತ್ತಿದ್ದರು, ಇಬ್ಬರು ಕೂಡಿ ಬಂದರೆ ಮನೆ ಲೂಟಿ ಬೇಗ ಆಗುತ್ತದೆ ಎಂದು ಸೇರಿಸುತ್ತಿದ್ದರು. ದ್ರಾಕ್ಷಿಗೆ ಔಷಧ ಹೊಡೆಯುವವರು ಮುಖಕ್ಕೆ ವಸ್ತ್ರ ಕಟ್ಟದಿದ್ದರೆ ತೋಟಕ್ಕೇ ಹೋಗಿ ಬಯ್ಯುವರು. ಕೂತು ಕೂತು ಹೊಟ್ಟೆ ಬೆಳೆಸಿದ ವ್ಯಾಪಾರಿಗಳಿಗೆ, "ಈ ಮೈಯಿಗೂ ಆ ಬ್ಯಾನಿ ಬರತೈತಂತ, ನಡದು ಬಾ" ಎನ್ನುವರು.

ಹೆಂಗಸರ ಗರ್ಭಕೋಶದ ಬಾಯಿಯ ತಪಾಸಣೆಯ ವಿಷಯ ಡಾಕ್ಟರರಿಂದ ಕೇಳಿದಾಗ ಮಾತ್ರ, ಜನ್ಮದಲ್ಲಿ ಮೊದಲ ಸಲ, ಕಾಕಾ ಬಾಯಿ ಕಟ್ಟಿತು. ಗಂಡಸು ಅದನ್ನು ಕ್ರೇಟಿನ ಮೇಲೆ ನಿಂತು ಕೂಗುವುದು ಹೇಗೆ? ಆ ಕೆಲಸ ಕಾಕು ಹಿಡಿದರು. ತಂಬಾಕಿನ ಮಿಶ್ರಿ ಹಚ್ಚಿ ಹಲ್ಲು ತಿಕ್ಕುವ ಓಣಿಯ ಹೆಂಗಸರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಸರಕಾರಿ ದವಾಖಾನೆಗೆ ಹೋಗಿ ಬಂದರು. ಮೊಮ್ಮಗಳಿಗೆ, ಗರ್ಭಕೋಶದ ಆ ಬ್ಯಾನಿ ತಡೆಯಲು ಹುಡುಗಿಯರಿಗೆ ಕೊಡುವ ಸೂಜಿಮದ್ದನ್ನೂ ಹಾಕಿಸಿದರು. "ನಮ್ಮಕಿ ನನಗಿಂತಾ ಜೋರ!" ಎಂದು ಕಾಕಾ ಮೀಸೆ ಮೇಲೆ ಕೈಯಾಡಿಸಿದರು.

ಜನ ನಗುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಒಮ್ಮೆ ನಮ್ಮ ಮನೆಗೆ ಬಂದಾಗ ಮಾವನ ಎದುರು ಕೂತು ಮೆತ್ತಗೆ ಹೇಳಿದರು: "ಬೀಗರ, ಎಲ್ಲಾ ಬ್ಯಾನಿ ನಮ್ಮ ಕೈಯಾಗಿಲ್ಲ. ಏನೂ ತಿನ್ನಲಾರದ ಕೂಸಿಗೂ ಬರತೈತಿ, ಅದು ಯಾರ ತಪ್ಪೂ ಅಲ್ಲ. ಆದ್ರ ಕೈಯಾಗ ಇದ್ದದ್ದನ್ನ ಯಾಕ ಬಿಡಬೇಕು? ನಾ ಹೇಳಿದ್ರ ಮಂದಿ ನಗ್ತಾರ. ನೀವು ಒಮ್ಮಿ ಟವಲ್ ತಗದು ಗಲ್ಲಾ ತೋರ್ಸಿದ್ರ ಯಾರೂ ನಗಾಂಗಿಲ್ಲ. ಒಮ್ಮಿ ಬರ್ರಿ ನನ್ನ ಸಂಗಾಟ." ಮಾವ ತಲೆ ಅಲ್ಲಾಡಿಸಿದರು. ಮಗಳ ಮದುವೆ ಆಗಲಿ ಅಂದರು. ಆಮೇಲೆ ಮಾತು ತೊದಲುತ್ತದೆ, ಜನ ಅಸಹ್ಯಪಡುತ್ತಾರೆ ಅಂದರು. ಕಾಕಾ ಪ್ರತಿ ಸಲ ಬಂದಾಗ ಕೇಳಿದರು. ಮಾವ ಪ್ರತಿ ಸಲ ಟವೆಲು ಎಳೆದುಕೊಂಡರು. ಹದಿನೈದು ವರ್ಷ ಹೀಗೇ ಹೋಯಿತು. ಇದೊಂದು ಸವಾಲಿನಲ್ಲಿ ಕಾಕಾ ಸೋತರು ಎಂದುಕೊಂಡಿದ್ದೆ.

ಮರುದಿನ ಇಂಡಿಯಲ್ಲಿ ಮಣ್ಣು ಕೊಟ್ಟು ಬಂದ ಮೇಲೆ ಕಾಕಾ ಮನೆಯ ಅಂಗಳದಲ್ಲಿ ಜನ ಕೂತಿದ್ದರು. ನಾಲ್ಕೂ ತಾಲೂಕಿನ ಬೀಗರು, ಅವರು ಕೂಡಿಸಿದ ಜೋಡಿಗಳು, ಮಾರ್ಕೆಟ್ಟಿನವರು. ಸುಮ್ಮನೆ ಕೂತ ಕೈ ಸುಮ್ಮನಿರುವುದೇ? ಸಿಂದಗಿ ಕಡೆಯ ಒಬ್ಬರು, ನಡುವಯಸ್ಸಿನವರು, ಚಂಚಿ ತೆಗೆದು ತಂಬಾಕು ತಿಕ್ಕಿ, ತಾವು ಒಂದಿಷ್ಟು ತೆಗೆದುಕೊಂಡು, ಅಂಗೈಯನ್ನು ಪಕ್ಕದವರಿಗೆ ಚಾಚಿದರು. ಪಕ್ಕದಲ್ಲಿದ್ದವರು ನಮ್ಮ ಮಾವ.

ಮಾವ ಆ ಅಂಗೈಯನ್ನು ನೋಡಿದರು. ಎದ್ದು ನಿಂತರು. ಟವೆಲನ್ನು ಗಲ್ಲದಿಂದ ತೆಗೆದು, ಝಾಡಿಸಿ, ಹೆಗಲ ಮೇಲೆ ಹಾಕಿಕೊಂಡರು. ಎಡಗಲ್ಲ ಒಳಕ್ಕೆ ಕುಸಿದಿತ್ತು, ಬಾಯಿಯ ತುದಿ ಸೊಟ್ಟಗೆ ಎಳೆದುಕೊಂಡಿತ್ತು, ಕತ್ತಿನವರೆಗೂ ಹೊಲಿಗೆಯ ಗೆರೆ. ಅಂಗಳದಲ್ಲಿ ಒಬ್ಬರೂ ನಗಲಿಲ್ಲ.

"ಇದು ಏನಂತ ಎಲ್ಲಾರೂ ನೋಡ್ರಿ" ಎಂದರು ಮಾವ. ಮಾತು ತೊದಲಿತು, ಆದರೆ ಮೂಲೆಗೂ ಕೇಳಿಸಿತು. "ಕ್ಯಾನ್ಸರ್. ನಾ ತಿಂದು ತರಿಸ್ಕೊಂಡದ್ದು. ಸಕ್ಕರಿ ಹಾಕಾಕ ಬಂದು ನನ್ನ ಜೀವಾ ಉಳಿಸಿದವ್ರನ್ನ ಈಗ ಮಣ್ಣಾಗ ಇಟ್ಟ ಬಂದೇನಿ. ಅವ್ರು ಒಂದ ಮಾತ ಕೇಳಿದ್ರು, ನಾ ಹೂಂ ಅನ್ನಲಿಲ್ಲ." ಸಿಂದಗಿಯವರ ಕಡೆ ತಿರುಗಿದರು. "ಉಗುಳಿ ಬಂದು ಬಾಯಿ ತಗೀರಿ, ಬೀಗರ."

ಅವರು ಎದ್ದು ಹೋಗಿ ಉಗುಳಿ ಬಂದರು. ಬಾಗಿಲಲ್ಲಿ ಕೂತಿದ್ದ ಕಾಕು ಕಣ್ಣು ಒರೆಸಿಕೊಂಡು, ಯಾರೂ ಹೇಳದೆ ಒಳಗೆ ಹೋಗಿ, ಆ ಸಣ್ಣ ಬ್ಯಾಟರಿ ತಂದು ಮಾವನ ಕೈಗಿಟ್ಟರು. ಮಾವ ಬೆಳಕು ಬಿಟ್ಟು ನೋಡಿದರು. ಮೂರು ಬೆರಳು ಇಡಲು ಹೇಳಿದರು. ಎರಡೇ ಹೋದವು. ಅಂಗಳವೆಲ್ಲ ಕತ್ತು ಚಾಚಿತ್ತು.

"ನಾಳೆ ನನ್ನ ಸಂಗಾಟ ದವಾಖಾನಿಗೆ ನಡೀರಿ" ಎಂದರು ಮಾವ.

"ನೋಡೂಣ್ರಿ. ಮಗಳ ಲಗ್ನದ ಮಾತ ನಡದೈತಿ, ಅದೊಂದ ಮುಗೀಲಿ" ಎಂದರು ಅವರು ತಲೆ ತಗ್ಗಿಸಿ.

ಮಾವ ಬ್ಯಾಟರಿಯನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ಆತ್ರಿ. ಹಂಗಾದ್ರ ಈಗ ನಿಮ್ಮ ಗಾಡ್ಯಾಗ ನಾನೂ ಸಿಂದಗಿಗೆ ಬರ್ತೇನಿ. ನೀವು ದವಾಖಾನಿಗೆ ಬರೂತನಕಾ ನಿಮ್ಮ ಕಟ್ಟಿ ಮ್ಯಾಲ ಕೂಡ್ತೇನಿ. ನನಗೇನ ಅವಸರಿಲ್ಲ."